ಫೈಲು ಹಗುರ ಮಾಡಿಕೊಡುತ್ತಿದ್ದ ಬಾಯಾರು

ಬಾಯಾರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಅವರು ಹೋಗಿ ಆಗಲೇ ಎರಡು ತಿಂಗಳಾಗಿತ್ತು. ಪಕ್ಕದಲ್ಲಿ ಕೂತಿದ್ದ ಮೂಡಲಗಿಯ ಮಷೀನಿನವರು ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ಕಾಕಾರ, ನಿಮ್ಮಲ್ಲಿ ಇದ್ರಲ್ಲ ಬಾಯಾರು, ಹುಕ್ಕೇರ್ಯಾಗ ಹೋಗಿಬಿಟ್ರಂತ. ಗೊತ್ತಾತಿಲ್ರಿ?" ಎಂದರು. ನನಗೆ ಗೊತ್ತಿರಲಿಲ್ಲ. ಆದರೂ "ಹೂಂ, ಗೊತ್ತಾತು" ಎಂದೆ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ, ಮಾಡದ್ದನ್ನು ಮಾಡಿದೆ ಎನ್ನುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಅದರಿಂದ ಒಬ್ಬ ಹೆಣ್ಣುಮಗಳ ಒಳ್ಳೆಯ ಹೆಸರು ಹೋಯಿತು. ಅದನ್ನು ಬರೆಯಲಿಕ್ಕೆ ಕೂತಿದ್ದೇನೆ.

ಗೋಕಾಕದಲ್ಲಿ ನನ್ನದೊಂದು ಪ್ರಿಂಟಿಂಗ್ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಸೀಸದ ಮೊಳೆ ಜೋಡಿಸುವ ಕೆಲಸಕ್ಕೆ ಕೂತವನು, ಮುಂದೆ ಸ್ವಂತ ಅಂಗಡಿ ಮಾಡಿದೆ. ಕಾಲ ಬದಲಾಗಿ ಮೊಳೆ ಹೋಗಿ ಕಂಪ್ಯೂಟರ್ ಬಂತು. ಲಗ್ನಪತ್ರಿಕೆ, ಬಿಲ್ ಬುಕ್ಕು ನಮ್ಮಲ್ಲೇ ಛಾಪಿಸುತ್ತಿದ್ದೆವು. ಫ್ಲೆಕ್ಸ್ ಬ್ಯಾನರಿಗೆ ಬೇಕಾದ ದೊಡ್ಡ ಮಷೀನು ನಮ್ಮಲ್ಲಿ ಇರಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಚಿತ್ರ ತಯಾರಿಸಿ ಇಂಟರ್‌ನೆಟ್ ಮೇಲೆ ಮೂಡಲಗಿಗೆ ಕಳಿಸಿದರೆ, ಅಲ್ಲಿ ಛಾಪಿಸಿ ಸುರುಳಿ ಸುತ್ತಿ ಬಸ್ಸಿನಲ್ಲಿ ಹಾಕುತ್ತಿದ್ದರು. ಆ ಮಷೀನಿನ ಮಾಲಕರನ್ನೇ ಎಲ್ಲರೂ ಮಷೀನಿನವರು ಎನ್ನುತ್ತಿದ್ದದ್ದು.

ನನಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಅದಕ್ಕೆಂದೇ ಬಾಯಾರು ಬಂದರು. ಕಲ್ಲೋಳಿಯವರು. ಮೊದಲು ಟೈಪಿಂಗ್ ಕ್ಲಾಸಿನಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದರು, ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವ ಬಾಯಾರು ಎಂಬುದು ಅಲ್ಲಿಂದ ಹಿಂದೆಯೇ ಬಂದಿತ್ತು. ನಲವತ್ತರ ಆಸುಪಾಸು ವಯಸ್ಸು, ತೆಳ್ಳಗಿನ ಆಳು. ಮನೆಯಲ್ಲಿ ವಯಸ್ಸಾದ ತಾಯಿ ಮಾತ್ರ. ಮದುವೆಯ ವಿಷಯ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮುಂಜಾನೆ ಬಸ್ಸಿನಿಂದ ಇಳಿದು ಬಂದವರು ಮೊದಲು ಹಿತ್ತಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು. ಒರೆಸಿದ ಮೇಲೂ ಕೈಯನ್ನು ಗಾಳಿಗೆ ಹಿಡಿದು ಆರಿಸುತ್ತಿದ್ದರು. ಆಮೇಲೆಯೇ ಕುರ್ಚಿ.

"ಡಾಕ್ಟರರ ಗತೆ ಮಾಡ್ತೀರಲ್ರಿ" ಎಂದು ಒಮ್ಮೆ ಚೇಷ್ಟೆ ಮಾಡಿದ್ದೆ.

"ಮಂದಿ ತಮ್ಮ ಅಜ್ಜ ಮುತ್ಯಾನ್ನ ತಂದು ಕೈಯಾಗ ಕೊಡ್ತಾರ್ರಿ ಕಾಕಾರ. ಎಣ್ಣಿ ಕೈಲೆ ಹಿಡಿಯಾಕ ಆಗತೈತೇನು?" ಎಂದರು.

ಅವರು ಹೇಳಿದ್ದು ಹಳೆಯ ಫೋಟೋಗಳ ಮಾತು. ನಮ್ಮ ಕಡೆ ತೀರಿಕೊಂಡವರಿಗೆ ವರ್ಷವರ್ಷ ಪುಣ್ಯಸ್ಮರಣೆಯ ಬ್ಯಾನರ್ ಹಾಕಿಸುತ್ತಾರೆ. ಆದರೆ ನಮ್ಮ ರೈತಾಪಿ ಮಂದಿ ಒಬ್ಬೊಬ್ಬರೇ ನಿಂತು ಫೋಟೋ ತೆಗೆಸಿದವರಲ್ಲ. ಯಾರದೋ ಮದುವೆಯಲ್ಲಿ ರುಮಾಲು ಸುತ್ತಿಕೊಂಡು ಹತ್ತಿಪ್ಪತ್ತು ಜನರ ನಡುವೆ ನಿಂತ ಒಂದೇ ಒಂದು ಫೋಟೋ ಇರುತ್ತಿತ್ತು. ಅದನ್ನೇ ಗೋಡೆಯಿಂದ ಇಳಿಸಿ, ಟವೆಲಿನಲ್ಲಿ ಸುತ್ತಿಕೊಂಡು ಬಂದು, "ಇವರ ಒಬ್ಬರನ್ನ ತೆಗೀರಿ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಬಾಯಾರು ಸ್ಕ್ಯಾನರಿನ ಗಾಜನ್ನು ಹಳೆಯ ಕುಬಸದ ಮೆತ್ತನೆ ತುಂಡಿನಿಂದ ಒರೆಸಿ, ಫೋಟೋವನ್ನು ಬೋರಲಾಗಿ ಮಲಗಿಸುತ್ತಿದ್ದರು. ಪರದೆಯ ಮೇಲೆ ಮುಖ ಮೂಡಿದ ಮೇಲೆ ಅವರ ಜೊತೆ ಮಾತು. "ಬರ್ರಿ ಮುತ್ಯಾರ, ಸ್ವಲ್ಪ ಈ ಕಡೆ ಸರೀರಿ. ಆಂ, ಹಂಗ. ಯಾಕ್ರಿ ಇಷ್ಟು ಸಿಟ್ಟು? ಊಟ ಆಗಿರಲಿಲ್ಲೇನು ಆವತ್ತು?" ಗಿರಾಕಿಗಳು ಅಳುತ್ತ ಬಂದವರು ನಗುತ್ತ ಕೂರುತ್ತಿದ್ದರು.

ಬಂದ ಹೊಸದರಲ್ಲಿ ಒಂದು ದಿನ, "ಕಾಕಾರ, ಫೈಲು ಭಾಳ ಭಾರ ಆಗೇತ್ರಿ. ಮೂಡಲಗಿಗೆ ಹೋಗವಲ್ದು" ಎಂದರು.

ನನಗೆ ನಗು ಬಂತು. ಭಾರ ಎಂದರೆ ನನಗೆ ಗೊತ್ತಿದ್ದದ್ದು ಸೀಸದ ಭಾರ. ಒಂದು ಪುಟ ಜೋಡಿಸಿ ಕಟ್ಟಿದರೆ ಎತ್ತಲಿಕ್ಕೆ ಸೊಂಟ ಗಟ್ಟಿ ಇರಬೇಕಿತ್ತು. "ಎತ್ತಿ ನೋಡೀರೇನು?" ಎಂದೆ.

"ನಾ ಎಲ್ಲಿ ಎತ್ತಲ್ರಿ. ಇಂಟರ್‌ನೆಟ್ಟ ಎತ್ತಿತ್ತು. ಅರ್ಧ ಹಾದಿ, ನಮ್ಮ ಕಲ್ಲೋಳಿತನಕ ಹೊತ್ತು, ಇಳಿಸಿ ಕುಂತೈತಿ."

ಆಮೇಲೆ ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ತೋರಿಸಿದರು. ಬ್ಯಾನರಿನ ಮೂಲೆಯಲ್ಲಿ ಶುಭ ಕೋರುವವರ ಫೋಟೋ ಬೆಂಕಿಪೆಟ್ಟಿಗೆಯಷ್ಟೇ ಕಾಣುತ್ತಿತ್ತು. "ಕಾಣೋದು ಪೆಟಗಿಯಷ್ಟು. ಒಳಗ ಬಾಗಿಲದಷ್ಟು ದೊಡ್ಡದು ಹಾಕೇವಿ. ಫೈಲು ಆ ಬಾಗಿಲಾನ್ನ ಹೊತಗೊಂಡು ತಿರಗತೈತಿ" ಎಂದರು. ಛಾಪಿಸುವಾಗ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿದರೆ ಅರ್ಧ ಭಾರ ಹೋಗುತ್ತದೆ. ಅದಕ್ಕಿಂತ ಕೆಳಗೆ ಇಳಿಸಿದರೆ ಮುಖ ಚೌಕ ಚೌಕ ಒಡೆಯುತ್ತದೆ.

ನನಗೆ ಬೆರಗಾದದ್ದು ಎರಡನೆಯ ಮಾತು. ಒಬ್ಬ ಹಿರಿಯರ ಮುಖ ಚೌಕಟ್ಟಿನಲ್ಲಿತ್ತು. ಬಾಯಾರು ಆ ಚೌಕಟ್ಟಿನ ಅಂಚನ್ನು ಹಿಡಿದು ಎಳೆದರು. ಎಳೆದ ಹಾಗೆ ಅವರ ಬಾಜೂಕ್ಕೆ ಒಬ್ಬಳು ಮುದುಕಿ ಬಂದಳು, ಆಮೇಲೆ ಮದುಮಗ, ಮದುಮಗಳು, ಅವರ ಹಣೆಯ ಬಾಸಿಂಗದ ಹೂವು, ಕೊನೆಗೆ ಹಂದರದ ಕಂಬ. ಇಡೀ ಮದುವೆ ಒಳಗೇ ಇತ್ತು. "ಚೌಕಟ್ಟು ಮುಚ್ಚತೈತಿ ಅಷ್ಟ, ಕತ್ತರಸೋದಿಲ್ಲ. ಇವರೆಲ್ಲಾ ಪರದೆ ಹಿಂದ ನಿಂತಾರ" ಎಂದರು. ಫೈಲನ್ನು ಹೊರಗೆ ಕಳಿಸುವಾಗ ಪರದೆಯ ಹಿಂದಿನವರನ್ನು ತೆಗೆದುಹಾಕಬೇಕು. ಹಾಗೇ ಕಳಿಸಿದರೆ ಭಾರವೂ ಹೌದು, ಬೇರೆಯವರ ಮನೆ ಮಂದಿಯ ಮುಖವನ್ನು ಪರಊರಿನ ಕಂಪ್ಯೂಟರಿಗೆ ಸುಮ್ಮನೆ ಕಳಿಸಿದ ಹಾಗೂ ಆಗುತ್ತದೆ.

ನಾನು ಮರೆಯುತ್ತೇನೆಂದು ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟರು. ಮೊದಲು ಫೈಲಿನ ನಕಲು ತೆಗೆದು ಅದಕ್ಕೆ ಬೇರೆ ಹೆಸರು ಕೊಡಬೇಕು. ನಕಲಿನ ಮೇಲೆ ಮಾತ್ರ ಕೈ ಇಡಬೇಕು. ಫೋಟೋ ಇಳಿಸಬೇಕು, ಚೌಕಟ್ಟಿನ ಹೊರಗಿನದು ಕತ್ತರಿಸಬೇಕು, ಕನ್ನಡ ಅಕ್ಷರಗಳನ್ನು ಗೆರೆಯ ಚಿತ್ರ ಮಾಡಬೇಕು, ಇಲ್ಲದಿದ್ದರೆ ಮೂಡಲಗಿಯ ಕಂಪ್ಯೂಟರಿನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ. ಚಿತ್ರ, ಅಕ್ಷರ ಎಂದು ಒಂದರ ಮೇಲೊಂದು ಕೂತ ಪದರುಗಳನ್ನೆಲ್ಲ ಒಂದು ಮಾಡಿ ಆಮೇಲೆ ಕಳಿಸಬೇಕು. 'ಮೊದಲು ನಕಲು' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಊರುಗಳ ಹೆಸರನ್ನು ಅಕ್ಷರಮಾಲೆಯ ಸಾಲಿನಲ್ಲಿಟ್ಟು ಅವರು ಫೈಲು ಜೋಡಿಸಿಟ್ಟಿದ್ದರು. ಮನೆತನದ ಹೆಸರು ಹೇಳಿದರೆ ಎರಡು ನಿಮಿಷದಲ್ಲಿ ಹೋದ ವರ್ಷದ ಬ್ಯಾನರ್ ತೆಗೆಯುತ್ತಿದ್ದರು. ಬರಬರುತ್ತ ಮಂದಿ ಅಂಗಡಿಗೆ ಬಂದರೆ ನನ್ನ ಮುಂದಿನಿಂದ ದಾಟಿ ಒಳಗೆ ಹೋಗತೊಡಗಿದರು. ಬೋರ್ಡಿನ ಮೇಲೆ ನನ್ನ ಹೆಸರು, ರೊಕ್ಕದ ಗಲ್ಲೆಯ ಮೇಲೆ ನಾನು. ಆದರೆ "ಬಾಯಾರು ಅದಾರಿಲ್ರಿ?" ಎನ್ನುವುದೇ ಮೊದಲ ಮಾತು. "ಇಲ್ಲ" ಎಂದರೆ "ಹಂಗಾರ ನಾಳೆ ಬರ್ತೇವಿ" ಎಂದು ಹೋಗಿಬಿಡುತ್ತಿದ್ದರು. ಮಧ್ಯಾಹ್ನ ಅವರು ಗೋಡೆಗೆ ಮುಖ ಮಾಡಿ ಕೂತು ರೊಟ್ಟಿ ಶೇಂಗಾ ಚಟ್ನಿ ತಿನ್ನುವಾಗ, ಯಾರೋ ತಂದುಕೊಟ್ಟ ಸೌತೆಕಾಯಿ, ಯಾರೋ ತಂದುಕೊಟ್ಟ ಎಳೆ ಗೊಂಜಾಳ ತೆನೆ ಪಕ್ಕದಲ್ಲಿರುತ್ತಿತ್ತು. ನನಗೆ ಯಾರೂ ತರುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಮುಂದೆ ನಾನು ಮಾಡಿದ್ದರ ಬೇರು ಇಲ್ಲೇ ಇದೆ.

ಒಂದು ಸಲ ಅವರ ತಾಯಿಯನ್ನು ದವಾಖಾನೆಗೆ ಸೇರಿಸಿದರು. ಬಾಯಾರು ಐದು ದಿನ ಬರಲಿಲ್ಲ. ಬ್ಯಾನರಿನ ಕೆಲಸ ಜೋರಿದ್ದ ಹೊತ್ತು. ಕಂಪ್ಯೂಟರ್ ತುಂಬಿ ಕೆಂಪು ಗೆರೆ ತೋರಿಸುತ್ತಿತ್ತು. ಮಷೀನಿನವರು ಫೋನ್ ಮೇಲೆ ಫೋನ್ ಮಾಡಿ, "ಕಾಕಾರ, ಇಂಥಾ ದೊಡ್ಡ ಫೈಲ್ ಬ್ಯಾಡ್ರಿ, ಹಗುರ ಮಾಡಿ ಕಳಸ್ರಿ. ಬಾಯಾರು ಇಲ್ಲಂದ್ರ ನಿಮಗ ಬರೂದಿಲ್ಲೇನು?" ಎಂದು ನಕ್ಕರು.

ಬರುತ್ತದೆ ಎಂದು ತೋರಿಸುವ ಹಟ ಹುಟ್ಟಿತು. ನೋಟ್‌ಬುಕ್ಕು ಮುಂದಿಟ್ಟುಕೊಂಡು ಕೂತೆ. ಮೂಡಲಗಿಗೆ ಹೋಗಬೇಕಾದ ನಾಲ್ಕು ಫೈಲು ಹಗುರ ಮಾಡಿ ಕಳಿಸಿದೆ, ಹೋದವು. ಆ ಗೆಲುವಿನಲ್ಲಿ ಹಳೆಯ ಫೈಲುಗಳಿಗೂ ಕೈ ಹಾಕಿದೆ. ನಕಲು ತೆಗೆಯಲಿಲ್ಲ. ಜಾಗ ಇಲ್ಲದಾಗ ಒಂದನ್ನು ಎರಡು ಮಾಡುವುದು ಯಾವ ಶ್ಯಾಣ್ಯಾತನ ಎಂದುಕೊಂಡೆ. ಹಳೆಯ ಫೈಲು ತೆಗೆಯುವುದು, ಚೌಕಟ್ಟಿನ ಹೊರಗಿನವರನ್ನು ಕತ್ತರಿಸುವುದು, ಒಂದೇ ಪದರು ಮಾಡುವುದು, ಅದೇ ಹೆಸರಿನ ಮೇಲೆ ಉಳಿಸುವುದು. ಊರಿನ ಮೇಲೆ ಊರು. ಕಲ್ಲೋಳಿ ಮುಗಿಯಿತು, ನಡುವಿನ ಹಳ್ಳಿಗಳೆಲ್ಲ ಮುಗಿದವು, ಮಸಗುಪ್ಪಿ ಮುಗಿಯಿತು. ಮೂಡಲಗಿಗೆ ಬರುವಷ್ಟರಲ್ಲಿ ಬಾಯಾರು ವಾಪಸು ಬಂದರು.

ಕೆಂಪು ಗೆರೆ ನೀಲಿಯಾಗಿದ್ದನ್ನು ಮೊದಲು ನಾನೇ ತೋರಿಸಿದೆ. ಅವರು ಒಂದೆರಡು ಹಳೆಯ ಫೈಲು ತೆಗೆದು ನೋಡಿದರು.

"ನಕಲು ಎಲ್ಲಿ ಇಟ್ಟೀರಿ ಕಾಕಾರ?"

ನೋಟ್‌ಬುಕ್ಕಿನ ಆ ಎರಡು ಗೆರೆ ನನಗೆ ಆಗ ನೆನಪಾದವು. "ಮನ್ಯಾಗ. ಡಿಸ್ಕಿನ್ಯಾಗ ಹಾಕಿ ಇಟ್ಟೇನಿ" ಎಂದೆ.

"ಛಲೋ ಆತು ಬಿಡ್ರಿ" ಎಂದು ನಕ್ಕು, ಕೈ ತೊಳೆಯಲು ಹಿತ್ತಲಿಗೆ ಹೋದರು. ಅವರು ನನ್ನನ್ನು ನಂಬಿದರು.

ಮುಂದೆ ಒಂದು ಮಳೆಗಾಲ ಹೊಳೆ ಊರೊಳಗೆ ಬಂತು. ನಮ್ಮ ಅಂಗಡಿಯಲ್ಲಿ ಮೊಣಕಾಲುಮಟ ನೀರು. ಕಂಪ್ಯೂಟರಿನ ಡಬ್ಬಿಯನ್ನು ಬಾಯಾರು ಸೆರಗಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ಮಾಳಿಗೆ ಹತ್ತಿದ್ದರು. ನೀರು ಇಳಿದ ಮೇಲೆ ಮಂದಿ ಬರತೊಡಗಿದರು. ಹೊಳೆಸಾಲಿನ ಹಳ್ಳಿಗಳಲ್ಲಿ ಕಾಳು, ಬಟ್ಟೆ, ಭಾಂಡಿ ಹೋದ ಹಾಗೆ ಗೋಡೆಯ ಮೇಲಿನ ಫೋಟೋಗಳೂ ಹೋಗಿದ್ದವು. ಒಬ್ಬರು ಬಂದು, "ಬಾಯಾರ, ಹೋದ ವರ್ಷ ನಮ್ಮಪ್ಪನ ಬ್ಯಾನರ್ ಮಾಡಿದ್ರಿ, ಅದರಾಗ ನಮ್ಮವ್ವ ಏನರೆ ಇರಬೌದೇನ್ರಿ?" ಎಂದು ಕೇಳಿದರು. ಬಾಯಾರು ಫೈಲು ತೆಗೆದು ಚೌಕಟ್ಟಿನ ಅಂಚು ಹಿಡಿದು ಎಳೆದರು. ಅವ್ವ ಬಂದಳು, ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡು. ಆ ಮನುಷ್ಯ ಪರದೆಗೆ ಕೈಮುಗಿದುಬಿಟ್ಟರು.

ಸುದ್ದಿ ಹಬ್ಬಿತು. ದಿನಾ ನಾಲ್ಕೈದು ಮಂದಿ. ಬ್ಯಾನರಿನ ಫೈಲುಗಳಲ್ಲಿ ತಮ್ಮ ತಮ್ಮ ಮನೆಯವರನ್ನು ಹುಡುಕಿಕೊಂಡು ಬರುತ್ತಿದ್ದರು. ಕಸ, ಭಾರ ಎಂದು ನಾನು ಅಂದದ್ದೆಲ್ಲ ಈಗ ಮಂದಿಯ ಪಾಲಿಗೆ ಬಂಗಾರವಾಗಿತ್ತು. ನಾನು ಮಾತ್ರ ಬಂದವರಿಗೆಲ್ಲ ಮೊದಲು "ಯಾವೂರು?" ಎಂದು ಕೇಳುತ್ತಿದ್ದೆ. ಮೂಡಲಗಿ, ಹುಕ್ಕೇರಿ ಎಂದರೆ ಜೀವಕ್ಕೆ ಸಮಾಧಾನ. ಅವನ್ನು ನಾನು ಮುಟ್ಟಿರಲಿಲ್ಲ. ಕಲ್ಲೋಳಿಯವರು ಇಬ್ಬರು ಬಂದಿದ್ದರು, ಅವರಿಗೆ ಬೇಕಾದವರು ಪುಣ್ಯಕ್ಕೆ ಚೌಕಟ್ಟಿನ ಒಳಗೇ ಇದ್ದರು.

ಆಮೇಲೆ ಒಂದು ದಿನ ಒಬ್ಬ ಮುದುಕಿ ಬಂದಳು. ಕುರಿ ಕಾಯುವ ಮನೆತನದವಳು, ಹೆಗಲ ಮೇಲೆ ಕಂಬಳಿ ಇತ್ತು. ನಾನು ಕೇಳಿದೆ. "ಮಸಗುಪ್ಪಿ" ಎಂದಳು.

ಬಾಯಾರಿಗೆ ಅವಳ ನೆನಪಿತ್ತು. "ಬರ್ರಿ ಯವ್ವಾ. ಯಜಮಾನರದು ಬ್ಯಾನರ್ ಮಾಡಿದ್ವೆಲ್ಲ, ಮೈದುನನ ಮದುವ್ಯಾಗಿನ ಫೋಟೋ?"

"ಆಂ, ಅದ. ನನಗ ಅಂವ ಬ್ಯಾಡ" ಎಂದಳು ಮುದುಕಿ. "ಅಂವನ ಬ್ಯಾನರ್ ಐತಿ ಮನ್ಯಾಗ. ಅಂವ ಮಗಳನ್ನ ಎತಗೊಂಡು ನಿಂತಿದ್ದ. ಆ ಕೂಸು ಬೇಕು. ಮರುವರ್ಷನ ಜ್ವರ ಬಂದು ಹೋತು. ಆಕೀದು ಅದೊಂದ ಫೋಟೋ. ಹೊಳಿ ಒಯ್ತು."

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ತಮ್ಮ ಸರದಿಗೆ ಕೂತಿದ್ದರು. ಎಲ್ಲರೂ ಎದ್ದು ಬಾಯಾರ ಕುರ್ಚಿಯ ಹಿಂದೆ ನಿಂತರು. ಬಾಯಾರು ಫೈಲು ತೆಗೆದರು. ರುಮಾಲು ಸುತ್ತಿದ ಗಂಡಸು, ದಪ್ಪ ಮೀಸೆ. ಅವನ ಎಡಭುಜದ ಮೇಲೆ ನಾಲ್ಕು ಪುಟ್ಟ ಬೆರಳು. ಬ್ಯಾನರ್ ಮಾಡುವಾಗ "ಬೆರಳು ಅಳಿಸಲ್ರಿ?" ಎಂದು ಬಾಯಾರು ಕೇಳಿದ್ದರಂತೆ, "ಇರ್ಲಿ, ಮಗಳ ಕೈ" ಎಂದಿದ್ದಳಂತೆ ಇವಳು. ಬಾಯಾರು ಅಂಚು ಹಿಡಿದು ಎಳೆದರು. ಏನೂ ಬರಲಿಲ್ಲ. ಮತ್ತೆ ಎಳೆದರು. ಬಿಳಿ.

"ಬೆರಳು ಅದಾವು. ಕೂಸು ಎಲ್ಲೈತಿ?" ಎಂದಳು ಮುದುಕಿ.

ಬಾಯಾರು ತಿರುಗಿ ನನ್ನನ್ನು ನೋಡಿದರು. ಗಾಬರಿ ಏನೂ ಇರಲಿಲ್ಲ ಮುಖದಲ್ಲಿ. "ಕಾಕಾರ, ಮನ್ಯಾಗಿನ ಡಿಸ್ಕ್ ತರ್ರಿ" ಎಂದರು.

ಅಷ್ಟೂ ಜನ ನನ್ನ ಕಡೆ ತಿರುಗಿದರು. ಆ ಹೊತ್ತಿಗೆ ನಾನು "ತಪ್ಪಾತು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಯಾವ ಡಿಸ್ಕು? ಫೈಲು ಎಲ್ಲಾ ನಿಮ್ಮ ಕೈಯಾಗ ಇರ್ತಾವು ಬಾಯಾರ. ಹಗುರ ಮಾಡ್ತೇನಿ, ಹಗುರ ಮಾಡ್ತೇನಿ ಅಂತ ನೀವ ಕತ್ತರಿಸೀರಿ. ನನ್ನ ಮ್ಯಾಲ ಯಾಕ ಹಾಕ್ತೀರಿ?"

ಅವರು ಫೈಲು ಮುಚ್ಚಿದರು. ಆಮೇಲೆ ಮುದುಕಿಯ ಕಡೆ ತಿರುಗಿ, "ಇಲ್ರಿ ಯವ್ವಾ. ಫೋಟೋ ಹೋಗೇತಿ" ಎಂದರು. 'ನಾ ಮಾಡಿಲ್ಲ' ಎಂದು ಅವರು ಅನ್ನಲಿಲ್ಲ.

ಮುದುಕಿ ಅಲ್ಲೇ ನೆಲಕ್ಕೆ ಕೂತಳು. "ನನ್ನ ಕೂಸಿನ್ನ ಅಳಿಸಿದ ಆ ಕೈ ಸೇದಿ ಹೋಗ್ಲಿ" ಎಂದಳು. ಜೋರಾಗಿ ಅನ್ನಲಿಲ್ಲ. ಆದರೆ ಅಂಗಡಿಯಲ್ಲಿ ಇದ್ದವರಿಗೆಲ್ಲ ಕೇಳಿಸಿತು.

ಬಾಯಾರು ಇನ್ನೂ ಮೂರು ದಿನ ಬಂದರು. ಒಪ್ಪಿಕೊಂಡ ಪತ್ರಿಕೆಗಳನ್ನೆಲ್ಲ ಮುಗಿಸಿದರು. ಕೊನೆಯ ದಿನ ಉಳಿದ ಫೈಲುಗಳನ್ನೆಲ್ಲ ಒಂದು ಡಿಸ್ಕಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಗಲ್ಲೆಯ ಮೇಲೆ ಇಟ್ಟು, "ಇದು ನಕಲು. ಮನ್ಯಾಗ ಇಡ್ರಿ" ಎಂದರು. ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೋದರು. ಮರುದಿನದಿಂದ ಬರಲಿಲ್ಲ.

ಆ ನಾಲ್ಕು ಜನ ನಾಲ್ಕು ಊರಿಗೆ ಮಾತು ಒಯ್ದರು. ಕೂಸಿನ ಫೋಟೋ ಅಳಿಸಿದ ಬಾಯಾರು ಎಂದಾಯಿತು. ಅವರು ಮೂಡಲಗಿಯಲ್ಲಿ ಕೆಲಸ ಕೇಳಲು ಹೋದಾಗ ಮಷೀನಿನವರು ನನಗೆ ಫೋನ್ ಮಾಡಿ, "ಹ್ಯಾಂಗ್ರಿ, ಇಟಗೋಳ್ಳಲೇನು?" ಎಂದು ಕೇಳಿದರು. "ನಿಮ್ಮ ಖುಷಿ. ಆದರ ಕೈ ಹಗುರ ಇಲ್ಲ ಅವರದು" ಎಂದೆ. ಅವರು ಇಟ್ಟುಕೊಳ್ಳಲಿಲ್ಲ. ಅಷ್ಟರಲ್ಲಿ ತಾಯಿಯೂ ತೀರಿಕೊಂಡಿದ್ದರು. ಬಾಯಾರು ಕಲ್ಲೋಳಿಯ ಮನೆಗೆ ಕೀಲಿ ಹಾಕಿ ಹುಕ್ಕೇರಿಯ ತಂಗಿಯ ಮನೆಗೆ ಹೋದರು. ಅಲ್ಲಿ ಒಂದು ಅಂಗಡಿಯಲ್ಲಿ ಇದೇ ಕೆಲಸಕ್ಕೆ ಸೇರಿದರೆಂದು ಕೇಳಿದೆ.

ಒಂದೇ ಒಂದು ಸಲ ಸಿಕ್ಕಿದ್ದರು, ಹುಕ್ಕೇರಿಯ ಸಂತೆಯಲ್ಲಿ. ಬೀಗರ ಮನೆಗೆ ಹೋಗಿದ್ದೆ. ಹಸಿಮೆಣಸಿನಕಾಯಿ ಆರಿಸುತ್ತಿದ್ದವರು ತಲೆ ಎತ್ತಿ, "ಆರಾಮ ಅದೀರಿ ಕಾಕಾರ? ಕಾಕಿ ಆರಾಮ ಅದಾರಿ?" ಎಂದರು. ನನ್ನ ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು. "ಆರಾಮ ಅದಾಳ" ಎಂದೆ. ಯಾಕೆ ಹಾಗೆಂದೆನೋ ಇವತ್ತಿಗೂ ತಿಳಿಯದು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದರ ಹಿಂದೆ ಇನ್ನೊಂದನ್ನೂ ಹೇಳಬೇಕಾಗುತ್ತದೆ ಎಂಬ ಅಂಜಿಕೆ ಇರಬೇಕು. ಅವರು ಮೆಣಸಿನಕಾಯಿ ಚೀಲಕ್ಕೆ ಹಾಕಿಸಿಕೊಂಡು, "ಬರ್ತೇನ್ರಿ" ಎಂದು ಹೋದರು.

ಆಮೇಲೆ ಅಂಗಡಿಯೂ ನಡೆಯಲಿಲ್ಲ. ಮಂದಿ ಬರುವುದು ನಿಂತಿತು, ನಾನೂ ಮುಚ್ಚಿದೆ. ಕಂಪ್ಯೂಟರನ್ನು ಮನೆಗೆ ತಂದು ಇಟ್ಟುಕೊಂಡಿದ್ದೇನೆ. ಮಾತಾಡಲಿಕ್ಕೆ ಯಾರೂ ಇಲ್ಲದಾಗ ಹಚ್ಚಿ, ಮೂಡಲಗಿ, ಹುಕ್ಕೇರಿಯ ಫೈಲು ತೆಗೆದು ಚೌಕಟ್ಟು ಎಳೆಯುತ್ತೇನೆ. ಗುರುತಿಲ್ಲದವರ ಮದುವೆಗಳು ಒಂದೊಂದಾಗಿ ಹೊರಗೆ ಬರುತ್ತವೆ. ನೋಡುತ್ತ ಕೂರುತ್ತೇನೆ.

ಮದುವೆಯ ಪಂಕ್ತಿಯಲ್ಲಿ ಸುದ್ದಿ ಕೇಳಿದ ವಾರಕ್ಕೆ ನಾನು ಮಸಗುಪ್ಪಿಗೆ ಹೋದೆ. ಬಾಯಾರಿಗೆ ಹೇಳುವುದು ತಪ್ಪಿತು, ಆ ಮುದುಕಿಗಾದರೂ ಹೇಳಬೇಕು ಎನಿಸಿತ್ತು. ಅವಳು ಕಟ್ಟೆಯ ಮೇಲೆ ಗೊಂಜಾಳ ಬಿಡಿಸುತ್ತ ಕೂತಿದ್ದಳು. ನಾನು ಯಾರೆಂದು ಹೇಳಿದೆ. ನಿಂತೇ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ, ಕಾಳು ಬುಟ್ಟಿಗೆ ಬೀಳುತ್ತಲೇ ಇದ್ದವು.

"ಅಂದ್ರ ಕೂಸಿನ್ನ ಅಳಿಸಿದ್ದು ನೀ."

"ಹೌದಬೇ ಯಕ್ಕಾ."

"ಆಕಿ ಅಲ್ಲ."

"ಅಲ್ಲ."

ಅವಳು ತೆನೆ ಕೆಳಗಿಟ್ಟಳು. "ಎಲ್ಲಿದಾಳ ಈಗ ಆಕಿ?"

"ತೀರಿಕೊಂಡ್ರು."

"ನೀ ಮಾಡಿದ್ದು ನೀ ಹೇಳಿ ಹೋಗ್ತಿ. ಆ ಹೆಣಮಗಳ ಕೈಗೆ ನಾ ಶಾಪ ಹಾಕೇನಲ್ಲೋ, ಅದನ್ನ ಎಲ್ಲಿಂದ ತಿರುಗಿ ತರ್ಲಿ?" ಎಂದಳು. ಬಂದಾಗ ನನಗೊಬ್ಬನಿಗೇ ಇದ್ದ ಪಾಪದಲ್ಲಿ ಈಗ ಅವಳಿಗೂ ಪಾಲು ಕೊಟ್ಟ ಹಾಗಾಗಿತ್ತು. "ಕೈಗೆ ಏನರೆ ಆಗಿತ್ತೇನ ಆಕಿಗೆ? ಸಾಯೋ ಮುಂದ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ಹೋಗಿ ಕೇಳಿಕೊಂಡು ಬಾ. ಮತ್ತ ಒಂದು ಕೇಳು. ಮಂದಿ ಮುಂದ ಸುಳ್ಳು ಹೇಳೀದಿ, ಮಂದಿ ಮುಂದ ಖರೆ ಹೇಳು. ನನ್ನ ಕಟ್ಟಿಗೆ ಬಂದು ಪಿಸುಪಿಸು ಅಂದ್ರ ಏನ್ ಆತು?"

ಹಾದಿಯಲ್ಲೇ ಮೂಡಲಗಿಗೆ ಹೋಗಿ ಮಷೀನಿನವರಿಗೆ ಹೇಳಿದೆ. "ನನಗ ಗೊತ್ತಿತ್ರಿ ಕಾಕಾರ. ಬಾಯಾರು ದವಾಖಾನ್ಯಾಗ ಇದ್ದಾಗ ಫೈಲು ಹಗುರ ಮಾಡಿ ಕಳಿಸಿದಾವ್ರು ನೀವ ಅಲ್ಲೇನು?" ಎಂದರು. "ಮತ್ತ ಅವರನ್ನ ಯಾಕ ಕೆಲಸಕ್ಕ ಇಟಗೋಳ್ಳಿಲ್ರಿ?" ಎಂದರೆ, "ನಿಮ್ಮ ಜೋಡಿ ಧಂದೆ ಇತ್ತಲ್ರಿ ನಂದು" ಎಂದು ಮಷೀನಿನ ಕಡೆ ತಿರುಗಿದರು. ಅಂಗಡಿಯಲ್ಲಿ ಅಂದು ನಿಂತಿದ್ದ ನಾಲ್ವರಲ್ಲಿ ಇಬ್ಬರು ಯಾರೆಂದೇ ನನಗೆ ಗೊತ್ತಿಲ್ಲ, ಒಬ್ಬರು ತೀರಿದ್ದರು. ಸಿಕ್ಕ ಒಬ್ಬರು, "ಯಾವ ಬಾಯಾರ್ರಿ?" ಎಂದು ನನ್ನನ್ನೇ ಕೇಳಿದರು.

ಮಂದಿ ಮುಂದೆ ಹೇಳಬೇಕಾದರೆ ಬರೆಯುವುದೊಂದೇ ದಾರಿ ಎನಿಸಿತು. ಪತ್ರಿಕೆಗೆ ಕೊಡುವುದೆಂದು ನಿಶ್ಚಯಿಸಿ, ಬಾಯಾರ ಪೂರ್ತಿ ಹೆಸರು ಹಾಕಿ, ಇಲ್ಲಿಯವರೆಗಿನ ಇಷ್ಟನ್ನೂ ಬರೆದೆ. ಬರೆದದ್ದನ್ನು ಚೀಲದಲ್ಲಿ ಹಾಕಿಕೊಂಡು ಹುಕ್ಕೇರಿಗೆ ಹೋದೆ.

ತಂಗಿ ಹೊಲಿಗೆ ಕೆಲಸ ಮಾಡುತ್ತಾರೆ. ಮುಖದಲ್ಲಿ ಅಕ್ಕನದೇ ಚಹರೆ. "ಗೋಕಾಕದ ಕಾಕಾರು ನೀವ ಏನ್ರಿ?" ಎಂದು ಕೇಳಿ ನೀರು ಕೊಟ್ಟರು. ನಾನು ಮೊದಲು ಮುದುಕಿಯ ಪ್ರಶ್ನೆ ಕೇಳಿದೆ.

"ಕೈಗೇನ್ರಿ? ಏನೂ ಆಗಿದ್ದಿಲ್ಲ. ಹೋಗೂ ಹಿಂದಿನ ದಿನಾನೂ ಅಂಗಡ್ಯಾಗ ಕುಂತು ಮೌಸ್ ಹಿಡದ್ಲು. ಎದಿ ನೋವು ಬಂತು, ಅಷ್ಟ."

ಆ ಮಾತನ್ನು ಮಸಗುಪ್ಪಿಗೆ ಮುಟ್ಟಿಸಿದ್ದೇನೆ.

ಆಮೇಲೆ ನಾನು ಮಾಡಿದ್ದನ್ನು ಹೇಳಿದೆ. ಅವರಿಗೆ ಅರ್ಧ ತಿಳಿದಿತ್ತು. "ಅಕ್ಕ ಏನೂ ಹೇಳಿದ್ದಿಲ್ರಿ. ಮೂಡಲಗ್ಯಾಗ ನಮ್ಮ ಮಂದಿ ಹೇಳಿದ್ರು. 'ಖರೆ ಏನ ಅಕ್ಕಾ?' ಅಂತ ಕೇಳಿದೆ. 'ಫೋಟೋ ಹೋಗಿದ್ದು ಖರೆ' ಅಂದ್ಲು. ಮುಂದ ಮಾತಾಡ್ಲಿಲ್ಲ."

ಹಾಳೆಗಳನ್ನು ಅವರ ಕೈಗೆ ಕೊಟ್ಟೆ. "ಹೆಸರು ಹಾಕಿ ಬರದೇನಿ ತಂಗಿ. ಅವರ ತಪ್ಪಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಗ್ಲಿ."

ಅವರು ಓದಿದರು. ನಿಧಾನವಾಗಿ, ಬೆರಳಿಟ್ಟು ಓದಿದರು. ಮುಗಿಸಿ ಹಾಳೆಗಳನ್ನು ಮಡಚಿ ಹೊಲಿಗೆ ಮಷೀನಿನ ಮೇಲಿಟ್ಟರು.

"ಎಲ್ಲರಿಗೂ ಅಂದ್ರ ಯಾರಿಗ್ರಿ ಕಾಕಾರ? ಹುಕ್ಕೇರ್ಯಾಗ ಆ ಮಾತು ಒಬ್ಬರಿಗೂ ಗೊತ್ತಿಲ್ಲ. ಇಲ್ಲಿ ಆಕಿ ಒಂದ ಫೋಟೋ ಕಳದಿಲ್ಲ. ಮಂದಿ ಇನ್ನೂ ಬಂದು ನೆನಸ್ತಾರ. ನೀವು ಹೆಸರು ಹಾಕಿ, ಆಕಿ ಕೂಸಿನ ಫೋಟೋ ಅಳಿಸಿಲ್ಲ ಅಂತ ಬರದ್ರ, ನಾಳೆ ಅವರು ಏನ್ ಕೇಳ್ತಾರ? ಯಾವ ಕೂಸು, ಯಾವ ಫೋಟೋ, ಯಾಕ ಹಂಗ ಅಂದಿದ್ರು ಅಂತ ಕೇಳ್ತಾರ. ಇಲ್ಲದ ಮಾತು ಇಲ್ಲಿ ಹುಟ್ಟತೈತಿ."

ನನಗೆ ಇದು ಹೊಳೆದೇ ಇರಲಿಲ್ಲ. "ಹಂಗಾರ ನನ್ನ ಹೆಸರಷ್ಟ ಹಾಕ್ತೇನಿ" ಎಂದೆ.

"ನಿಮ್ಮ ಹೆಸರು ಬಂದ್ರ ನಿಮ್ಮ ಅಂಗಡಿ ಬರ್ತೈತಿ. ಅಂಗಡಿ ಬಂದ್ರ ಆಕಿ ಬರ್ತಾಳ."

"ಮತ್ತ ನಾ ಏನ್ ಮಾಡ್ಲಿ?"

"ಬರೀರಿ. ಊರಿನ ಹೆಸರು ಇರ್ಲಿ, ಊರಾಗ ಅಂಗಡಿ ಹತ್ತಿಪ್ಪತ್ತು ಇರ್ತಾವು. ನೀವು ಮಾಡಿದ್ದೂ ಇರ್ಲಿ. ಆಕಿ ಹೆಸರು ಬ್ಯಾಡ್ರಿ. ಅದೊಂದು ಉಳಿದೈತಿ ಆಕೀದು, ಬಿಟ್ಟಬಿಡ್ರಿ." ಹಾಳೆಗಳನ್ನು ನನ್ನ ಕೈಗೆ ಕೊಟ್ಟು, ಹೊಲಿಗೆ ಮುಂದುವರಿಸಿದರು.

ಗೋಕಾಕದ ಗಾಡಿಗೆ ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹಾಳೆಗಳನ್ನು ತೆಗೆದೆ. ಅವರ ಹೆಸರು ಹನ್ನೊಂದು ಕಡೆ ಇತ್ತು. ಒಂದೊಂದನ್ನೇ ಹುಡುಕಿ, ಅಡ್ಡಗೆರೆ ಹೊಡೆದು, ಮೇಲೆ ಬಾಯಾರು ಎಂದು ಬರೆದೆ. ಬಸ್ಸು ಬರುವ ಹೊತ್ತಿಗೆ ಹತ್ತು ಮುಗಿದಿದ್ದವು. ಉಳಿದ ಒಂದನ್ನು ಮನೆಗೆ ಬಂದು ಹೊಡೆದೆ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿ ಆ ಹೆಸರಿನಿಂದ ನಾನು ಅವರನ್ನು ಒಮ್ಮೆಯೂ ಕರೆದವನಲ್ಲ. ಹೊಡೆಯುವ ಮೊದಲು ಒಂದು ಸಲ ಗಟ್ಟಿಯಾಗಿ ಓದಿದೆ. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.